ಚೀಟಿ ಕಳಿಸುವ ಮುನ್ನ

ಕಾರ್ಕಳ

ಪ್ರೀತಿಯ ಸುಹಾಸ,

ನಿನ್ನ ಸಂದೇಶ ಓದಿದೆ. ಯಕ್ಷಗಾನದ ಆಟದಲ್ಲಿ ನೀವು ಕೊಟ್ಟ ಚೀಟಿ ನೋಡಿಯೂ ಭಾಗವತರು ಆ ಪದ್ಯವನ್ನು ಮತ್ತೊಮ್ಮೆ ಹಾಡಲಿಲ್ಲ, ಅವರಿಗೀಗ ಜಂಬ ಬಂದಿದೆ, ಬೆಳೆಸಿದ ಅಭಿಮಾನಿಗಳ ನೆನಪೇ ಇಲ್ಲ, ಬರುವ ತಿರುಗಾಟದಿಂದ ನಿಮ್ಮ ಬಳಗ ಇನ್ನೊಬ್ಬರ ಬೆನ್ನಿಗೆ ನಿಲ್ಲುತ್ತದೆ ಎಂದೆಲ್ಲ ಬರೆದಿದ್ದೀಯ. ಫೋನಿನಲ್ಲಿ ಉತ್ತರ ಹೇಳಹೊರಟರೆ ಅರ್ಧ ದಾರಿಯಲ್ಲೇ ಚರ್ಚೆ ಬಿಸಿಯಾಗುತ್ತದೆ. ಅದಕ್ಕೇ ಕಾಗದ. ಸಿಟ್ಟು ಬಂದರೂ ಪೂರ್ತಿ ಓದು ಮಗಾ.

ಮೊದಲು ನನ್ನ ಸಂತೋಷ ಹೇಳಿಬಿಡುತ್ತೇನೆ. ಟಿ.ವಿ. ಮನೆಮನೆಗೆ ಬಂದ ಕಾಲದಲ್ಲಿ ಯಕ್ಷಗಾನ ಇನ್ನು ಹತ್ತಿಪ್ಪತ್ತು ವರ್ಷದ ಮಾತು ಎಂದು ನಮ್ಮ ಕಡೆ ಬಹಳ ಜನ ಹೇಳುತ್ತಿದ್ದರು. ಈಗ ನೀನು, ನಿನ್ನ ಗೆಳೆಯರು ವಾರವಿಡೀ ಮಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಶನಿವಾರ ಸಂಜೆ ಬೈಕ್ ಹತ್ತಿ ಎಲ್ಲಿ ಆಟವೋ ಅಲ್ಲಿಗೆ ಹೋಗುತ್ತೀರಿ. ಯಾವ ಪದ್ಯ ಯಾವ ರಾಗದಲ್ಲಿ, ಯಾವ ತಾಳದಲ್ಲಿ ಎಂಬುದನ್ನು ನಿನ್ನ ವಯಸ್ಸಿನಲ್ಲಿ ನಿನ್ನಪ್ಪನೂ ತಿಳಿದಿರಲಿಲ್ಲ. ಚೆಂಡೆಯ ಪೆಟ್ಟಿನಿಂದಲೇ ಬಾರಿಸುವವರು ಯಾರೆಂದು ನೀನು ಹೇಳುವುದನ್ನು ಕೇಳಿದ್ದೇನೆ. ಇಷ್ಟು ಪ್ರೀತಿ ಇರುವವನಾದ್ದರಿಂದಲೇ ನಿನ್ನ ಹತ್ತಿರ ಈ ಮಾತು ಆಡಬೇಕಾಗಿದೆ. ಆಟವೆಂದರೆ ಏನೂ ಅನ್ನಿಸದವನಿಗೆ ಹೇಳಿ ಪ್ರಯೋಜನವಿಲ್ಲ.

ಆ ರಾತ್ರಿ ನಾನೂ ಅಲ್ಲಿದ್ದೆ. ಮೇಳದ ಹೆಸರು, ಕಲಾವಿದರ ಹೆಸರು ಇಲ್ಲಿ ಬೇಡ. ಮೊದಲು ಅಭಿಮನ್ಯು ಕಾಳಗ, ಆಮೇಲೆ ಕುಂಭಕರ್ಣ ಕಾಳಗ. ನೀವು ಮುಂದಿನ ಸಾಲುಗಳಲ್ಲಿ, ನಾನು ಹಿಂದೆ ಕಂಬದ ಬಳಿ. ಯುದ್ಧದ ಏರು ಪದ್ಯ ಎತ್ತಿದ ಕೂಡಲೇ ನಿಮ್ಮ ಶಿಳ್ಳೆ ಶುರುವಾಯಿತು. ಅಭಿಮನ್ಯು ಗಿರಗಿರನೆ ಸುತ್ತಿ ಧೀಂಗಿಣ ಹಾಕತೊಡಗಿದಾಗ ನೀವೆಲ್ಲ ಒಟ್ಟಿಗೆ ಕೂಗಿ ಲೆಕ್ಕ ಮಾಡತೊಡಗಿದಿರಿ. ಐವತ್ತು ದಾಟಿತು, ಅರವತ್ತು ದಾಟಿತು, ನೂರಾದರೂ ಬಿಡಲಿಲ್ಲ. ಹುಡುಗ ನಿಂತಾಗ ‘ಇನ್ನೂ, ಇನ್ನೂ’ ಎಂದಿರಿ. ಅವನು ಮತ್ತೆ ತಿರುಗಿದ. ಆಗ ಬಂತು ನಿಮ್ಮ ಚೀಟಿ.

ಭಾಗವತರು ಅದನ್ನು ಓದಿ ಪಕ್ಕಕ್ಕಿಟ್ಟು ಕತೆಯನ್ನು ಮುಂದಕ್ಕೆ ಒಯ್ದದ್ದು ಯಾಕೆಂದು ನೀನು ಯೋಚಿಸಲಿಲ್ಲ. ಆಟಕ್ಕೆ ನಿರ್ದೇಶಕನೆಂದು ಬೇರೆ ಯಾರೂ ಇಲ್ಲ. ಜಾಗಟೆ ಹಿಡಿದು ಕೂತವರೇ ನಿರ್ದೇಶಕರು. ಯಾವ ಪದ್ಯ ಎಷ್ಟು ಬೆಳೆಯಬೇಕು, ಯಾವ ಮಾತು ಎಲ್ಲಿ ನಿಲ್ಲಬೇಕು, ಯಾರು ವೇಷ ಕಟ್ಟುವ ಚೌಕಿಯಿಂದ ಹೊರಟಿದ್ದಾರೆ, ಯಾರು ಇನ್ನೂ ಕಿರೀಟ ಕಟ್ಟುತ್ತಿದ್ದಾರೆ, ಎಲ್ಲ ಅವರ ತಲೆಯಲ್ಲಿ ನಡೆಯುತ್ತಿರುತ್ತದೆ. ಕಾಲಮಿತಿಯ ಆಟದಲ್ಲಿ ನೀವು ಒಂದು ಕಡೆ ಹದಿನೈದು ನಿಮಿಷ ಎಳೆದರೆ ಇನ್ನೊಂದು ಕಡೆ ಹದಿನೈದು ನಿಮಿಷ ಕಡಿಯಲೇಬೇಕು. ಆ ರಾತ್ರಿ ಕಡಿದುಹೋದದ್ದು ಅಭಿಮನ್ಯುವಿನ ಸಾವು. ಆರು ಮಂದಿ ಮಹಾರಥರು ಒಬ್ಬ ಹುಡುಗನನ್ನು ಸುತ್ತುಗಟ್ಟಿ ಕೊಲ್ಲುವ ಜಾಗದಲ್ಲಿ ಎದೆ ಹಿಂಡುವ ಎರಡು ಪದ್ಯಗಳಾದರೂ ಬರಬೇಕಿತ್ತು. ಅರ್ಧ ಪದ್ಯದಲ್ಲಿ ಮುಗಿಯಿತು. ಧೀಂಗಿಣ ಎಣಿಸುತ್ತಿದ್ದ ನಿಮಗೆ ಆ ಮಗು ಸತ್ತದ್ದು ಗೊತ್ತಾಯಿತೋ ಇಲ್ಲವೋ.

ಆಟ ಮುಗಿದ ಮೇಲೆ ಚೌಕಿಗೆ ಹೋಗಿದ್ದೆ. ಅಭಿಮನ್ಯು ಮಾಡಿದ ಹುಡುಗ ಗೆಜ್ಜೆ ಬಿಚ್ಚಿ, ಪೆಟ್ಟಿಗೆಗೆ ಒರಗಿ ಕಾಲು ಚಾಚಿ ಕೂತಿದ್ದ. ಎರಡು ಮೊಣಕಾಲಿಗೂ ಎಲಾಸ್ಟಿಕ್ ಪಟ್ಟಿ. ನಿನಗಿಂತ ಎರಡು ಮೂರು ವರ್ಷ ಚಿಕ್ಕವನು. ‘ಡಾಕ್ಟರು ಏನು ಹೇಳಿದರು?’ ಅಂದೆ. ‘ಸುತ್ತುವುದು ಕಡಿಮೆ ಮಾಡು ಅಂದರು. ಕಡಿಮೆ ಮಾಡಿದರೆ ಜನ ಬಿಡುವುದಿಲ್ಲ’ ಅಂದ. ಮರುದಿನ ಸಂಜೆ ಅವನಿಗೆ ಇನ್ನೊಂದು ಊರಲ್ಲಿ ವೇಷ. ದೀಪಾವಳಿಯ ನಂತರ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಹೆಚ್ಚುಕಡಿಮೆ ಆರು ತಿಂಗಳು ರಾತ್ರಿಗಳೆಲ್ಲ ಹೀಗೇ. ಮಳೆಗಾಲದಲ್ಲಿ ಮನೆಮನೆ ತಿರುಗುವ ಚಿಕ್ಕಮೇಳ, ಬೆಂಗಳೂರು, ಮುಂಬೈಗಳ ಆಟ. ಆ ಮೊಣಕಾಲು ನಲವತ್ತು ವರ್ಷ ಬಾಳಬೇಕು. ನಿನ್ನ ಲೆಕ್ಕದ ನೂರಕ್ಕೂ ಅವನ ಡಾಕ್ಟರರ ಲೆಕ್ಕಕ್ಕೂ ಹೊಂದುವುದಿಲ್ಲ.

ಇದರಲ್ಲಿ ಕಲೆಯ ಪ್ರಶ್ನೆಯೂ ಇದೆ. ಪುಂಡುವೇಷದ ಧೀಂಗಿಣವೆಂದರೆ ಪಾತ್ರದ ಉತ್ಸಾಹ ಉಕ್ಕಿ ಬರುವುದು; ಚಕ್ರವ್ಯೂಹದೊಳಗೆ ನುಗ್ಗಿದ ಹದಿಹರೆಯದ ವೀರ ನೆಲ ಮುಟ್ಟದೆ ಹಾರುತ್ತಾನೆ ಎಂದು ನಮಗೆ ಕಾಣಬೇಕು. ಅಂಕಿ ಎಣಿಸತೊಡಗಿದ ಮೇಲೆ ಅಲ್ಲಿ ಅಭಿಮನ್ಯು ಉಳಿಯುವುದಿಲ್ಲ. ಸುತ್ತುವ ಒಬ್ಬ ಹುಡುಗ ಮಾತ್ರ ಇರುತ್ತಾನೆ.

ಇನ್ನು ನನಗೆ ಅತ್ಯಂತ ನೋವಾದ ಸಂಗತಿ. ನಿಮ್ಮ ಭಾಗವತರ ಪಾಳಿ ಮುಗಿಯಿತು, ಇನ್ನೊಬ್ಬರು ಬಂದು ಜಾಗಟೆ ಹಿಡಿದರು. ನೀವು ಮೂವತ್ತು ನಲವತ್ತು ಮಂದಿ ಒಟ್ಟಿಗೆ ಎದ್ದು ಬೈಕುಗಳನ್ನು ಶುರುಮಾಡಿದಿರಿ. ಕುಂಭಕರ್ಣ ಬಂದಾಗ ಮುಂದಿನ ಐದು ಸಾಲು ಖಾಲಿ ಕುರ್ಚಿ. ಅಂಥ ರಾಕ್ಷಸರ ಬಣ್ಣದ ವೇಷ ಬರೆದುಕೊಳ್ಳುವುದನ್ನು ಎಂದಾದರೂ ನೋಡಿದ್ದೀಯಾ? ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುತ್ತಾ ತಾಸುಗಟ್ಟಲೆ ಕೂರಬೇಕು. ಅದು ಒಣಗಿದ ಮೇಲೆ ನಗುವಂತಿಲ್ಲ, ಬಾಯಿ ದೊಡ್ಡದಾಗಿ ತೆರೆದು ಉಣ್ಣುವಂತಿಲ್ಲ. ಅಷ್ಟು ಮಾಡಿಕೊಂಡು ಬಂದ ಹಿರಿಯ ಕಲಾವಿದರು, ತಪ್ಪು ಮಾಡಿದ ಅಣ್ಣನಿಗೆ ಬುದ್ಧಿ ಹೇಳಿಯೂ ಅವನಿಗಾಗಿಯೇ ಸಾಯಲು ಹೊರಡುವ ತಮ್ಮನ ಮಾತನ್ನು ಖಾಲಿ ಕುರ್ಚಿಗಳಿಗೆ ಹೇಳಿದರು. ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ. ನೀವು ಬಯಸಿದ ಪದ್ಯಕ್ಕಿಂತ ದೊಡ್ಡದು ಆ ರಾತ್ರಿ ಅಲ್ಲಿ ನಡೆಯಿತು ಎಂಬುದು ನನ್ನ ಅಭಿಪ್ರಾಯ. ನೀವು ಅದನ್ನು ಕಳೆದುಕೊಂಡಿರಿ.

ಕಟೀಲು ಮೇಳಗಳು 2022ರಲ್ಲಿ ಧ್ವನಿವರ್ಧಕದ ಕಾನೂನಿನ ಕಾರಣಕ್ಕೆ ಕಾಲಮಿತಿಗೆ ಬಂದಾಗ ಎಷ್ಟು ಗಲಾಟೆಯಾಯಿತು ನೆನಪಿಸಿಕೋ. ಇಡೀ ರಾತ್ರಿಯ ಆಟವೇ ಬೇಕೆಂದು ಜನ ಪಾದಯಾತ್ರೆ ಮಾಡಿದರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ನೀನೂ ಆಗ ದೊಡ್ಡ ದನಿಯಲ್ಲಿ ಮಾತಾಡಿದವನೇ. ಬೆಳಗಿನವರೆಗೆ ಆಟ ಬೇಕೆಂದು ಕೇಳುವ ಹಕ್ಕು ಬೆಳಗಿನವರೆಗೆ ಕೂರುವವನಿಗೆ ಹೆಚ್ಚು ಒಪ್ಪುತ್ತದೆ.

‘ಅಭಿಮಾನಿ ಎಂದ ಮೇಲೆ ಇಷ್ಟದ್ದನ್ನು ಕೇಳಬಾರದೇ?’ ಎಂದು ನೀನು ಬರೆದ ಸಾಲಿಗೆ ಬರುತ್ತೇನೆ. ಕೇಳಬಹುದು. ಏನನ್ನು ಕೇಳುತ್ತೇವೆ ಎಂಬುದು ಮುಖ್ಯ. ಇಲ್ಲಿ ಬಡಗುತಿಟ್ಟಿನ ಭಾಗವತರಾದ ಕಾಳಿಂಗ ನಾವಡರ ವಿಷಯ ಹೇಳಬೇಕು. ನಾವು ತೆಂಕುತಿಟ್ಟಿನ ಕಡೆಯವರಾದರೂ ಅವರಿದ್ದ ಸಾಲಿಗ್ರಾಮ ಮೇಳದ ಡೇರೆ ಹತ್ತಿರದಲ್ಲಿ ಬಂದರೆ ನಾವಡರ ಹಾಡಿಗಾಗಿ ಹೋಗುತ್ತಿದ್ದೆವು. ಟಿಕೆಟಿನ ಆಟ. ಅವರು ರಂಗಕ್ಕೆ ಬರುವ ಹೊತ್ತಿಗೆ ಡೇರೆಯೊಳಗೆ ಆಗುತ್ತಿದ್ದ ಸಂಚಲನ ನಿನ್ನ ಕಾಲದ ಯಾವ ಸಂಭ್ರಮಕ್ಕೂ ಕಡಿಮೆಯದ್ದಲ್ಲ. ತಂದೆ ಗುಂಡ್ಮಿ ರಾಮಚಂದ್ರ ನಾವಡರು ಭಾಗವತರು, ಗುರು ನಾರ್ಣಪ್ಪ ಉಪ್ಪೂರರು ದೊಡ್ಡ ಭಾಗವತರು. ಅಂಥ ಪರಂಪರೆಯಿಂದ ಬಂದವರು ಬಡಗಿನ ಹಾಡಿಕೆಗೆ ಹೊಸ ರಾಗಗಳನ್ನು ತಂದರು, ‘ನಾಗಶ್ರೀ’ಯಂಥ ಹೊಸ ಪ್ರಸಂಗ ಬರೆದರು. ಸಂಪ್ರದಾಯ ಕೆಡಿಸಿದರು ಎಂದು ಬೈದ ಹಿರಿಯರಿದ್ದರು. ಆ ಬೈಗುಳ ಕೇಳಿ ಅವರು ತಂದೆಯ ಹಾಗೆಯೇ, ಗುರುಗಳ ಹಾಗೆಯೇ ಹಾಡಿಕೊಂಡು ಕೂತಿದ್ದರೆ ನಾವು ಯಾರೂ ಅವರ ಹಿಂದೆ ಹೋಗುತ್ತಿರಲಿಲ್ಲ.

1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಮೂವತ್ತರ ಆಸುಪಾಸಿನ ವಯಸ್ಸು. ಊರೂರುಗಳು ಅತ್ತವು. ಅದಾದ ಮೇಲೆ ನಡೆದದ್ದನ್ನು ಗಮನಿಸು. ಕಂಠ ಇರುವ ಒಬ್ಬೊಬ್ಬ ಹುಡುಗನ ಹತ್ತಿರವೂ ಜನ ನಾವಡರನ್ನೇ ಕೇಳಿದರು. ಅದೇ ಪದ್ಯ, ಅದೇ ಏರಿಳಿತ, ಅದೇ ಎಳೆತ. ಹಾಗೆ ಹಾಡಿದವನಿಗೆ ಚಪ್ಪಾಳೆ, ಬೇರೆ ಹಾಡಿದವನಿಗೆ ‘ನಾವಡರ ಹಾಗೆ ಇಲ್ಲ’ ಎಂಬ ಮಾತು. ಯಾರ ಹಾಗೂ ಹಾಡದೆ ದೊಡ್ಡವರಾದವರನ್ನು ಮೆಚ್ಚಿಕೊಂಡು, ಆ ಮೆಚ್ಚಿಕೆಯಲ್ಲೇ ಎಷ್ಟೋ ಹುಡುಗರು ತಮ್ಮ ಸ್ವಂತ ದನಿ ಹುಡುಕಿಕೊಳ್ಳದ ಹಾಗೆ ಮಾಡಿಬಿಟ್ಟೆವು. ಅಭಿಮಾನಕ್ಕೆ ಈ ಶಕ್ತಿಯೂ ಇದೆ ಸುಹಾಸ. ನಿನ್ನ ಭಾಗವತರಿಗೆ ಇನ್ನೂ ಮೂವತ್ತೈದು ತುಂಬಿಲ್ಲ. ಮೂರು ವರ್ಷದ ಹಿಂದೆ ಅವರು ಹಾಡಿದ ಪದ್ಯವನ್ನೇ, ಅಂದು ಹಾಡಿದ ಹಾಗೆಯೇ, ರಾತ್ರಿ ರಾತ್ರಿಯೂ ಹಾಡಬೇಕೆಂದು ಚೀಟಿ ಕಳಿಸಿದರೆ ಅವರು ಬೆಳೆಯುವುದು ಯಾವಾಗ?

ಬಲಿಪ ನಾರಾಯಣ ಭಾಗವತರನ್ನು ನೀನು ಕೇಳಿದ್ದೀಯ. 2023ರಲ್ಲಿ ಅವರು ತೀರಿಕೊಂಡಾಗ ನೀನೂ ಫೋನ್ ಮಾಡಿದ್ದೆ. ಬಲಿಪ ಶೈಲಿ ಎಂದು ಜನ ಹೆಸರಿಟ್ಟು ಕರೆಯುವಷ್ಟು ಸ್ವಂತದ ದಾರಿ ಅದು. ಸುತ್ತ ಕಾಲ ಏನೇನೋ ಬದಲಾದರೂ ಅವರು ಅದನ್ನು ಬಿಡಲಿಲ್ಲ. ಲೀಲಾವತಿ ಬೈಪಾಡಿತ್ತಾಯರು ಗಂಡಸರೇ ತುಂಬಿದ್ದ ಮೇಳದಲ್ಲಿ ಹೆಣ್ಣು ಕಂಠದ ಭಾಗವತಿಕೆಯನ್ನು ವೃತ್ತಿಯಾಗಿ ಮಾಡಿ ತೋರಿಸಿದರು. ಅಂಥದ್ದೊಂದು ಬೇಕೆಂದು ಅವರಿಗೆ ಯಾವ ಪ್ರೇಕ್ಷಕನೂ ಚೀಟಿ ಕಳಿಸಿರಲಿಕ್ಕಿಲ್ಲ. ಬಂದ ಮೇಲೆ ನಮಗೆ ಬೇಕಾಗಿದ್ದದ್ದು ಅದೇ ಎಂದು ತಿಳಿಯಿತು.

ಈಗ ತಾಳಮದ್ದಳೆಯ ಮಾತು, ಯಾಕೆಂದರೆ ಪ್ರೇಕ್ಷಕನ ಅಪೇಕ್ಷೆ ಎಷ್ಟು ಎತ್ತರಕ್ಕೆ ಹೋಗಬಹುದೆಂದು ನಾನು ಕಲಿತದ್ದು ಅಲ್ಲಿ. ವೇಷವಿಲ್ಲ, ಕುಣಿತವಿಲ್ಲ; ಅಂಗಿ, ಪಂಚೆ, ಶಾಲು ಹೊದ್ದ ನಾಲ್ಕು ಜನ ಕೂತು ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರದ್ದು ಒಂದು ಪಕ್ಷ, ಸಾಮಗರದ್ದು ಒಂದು ಪಕ್ಷ ಎಂದು ನಮ್ಮಲ್ಲಿಯೂ ಬಣಗಳಿದ್ದವು. ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಡುವಷ್ಟು ವಾದ ನಡೆಯುತ್ತಿತ್ತು. ಆದರೆ ನಾವು ಶೇಣಿಯವರ ವಾಲಿಯನ್ನು ಕೇಳಲು ಹೋದದ್ದು ಹೋದ ವರ್ಷದ ಮಾತನ್ನು ಮತ್ತೆ ಕೇಳಲಿಕ್ಕಲ್ಲ. ಕತೆ ಎಲ್ಲರಿಗೂ ಗೊತ್ತು: ಮರದ ಮರೆಯಿಂದ ಬಂದ ಬಾಣ, ಬಿದ್ದ ವಾಲಿ, ಎದುರು ನಿಂತ ರಾಮ. ಇವತ್ತು ವಾಲಿ ರಾಮನನ್ನು ಯಾವ ಹೊಸ ಪ್ರಶ್ನೆ ಕೇಳುತ್ತಾನೆ, ಎದುರಿನ ರಾಮ ಅದಕ್ಕೆ ಏನು ಹೇಳುತ್ತಾನೆ ಎಂಬುದೇ ಕುತೂಹಲ. ಹಳೆಯ ಮಾತು ಮತ್ತೆ ಬಂದರೆ ನಾವು ಗುರುತಿಸುತ್ತಿದ್ದೆವು, ನಿರಾಸೆಪಡುತ್ತಿದ್ದೆವು. ಅದಕ್ಕಾಗಿ ನಾವೂ ಓದಬೇಕಾಗುತ್ತಿತ್ತು. ತೊರವೆ ರಾಮಾಯಣ ಗೊತ್ತಿಲ್ಲದವನಿಗೆ ಅಲ್ಲಿ ಅರ್ಧ ಆನಂದ ಮಾತ್ರ. ಕಲಾವಿದ ನಮ್ಮನ್ನು ಏರಿಸಿದ, ನಾವು ಕಲಾವಿದನನ್ನು ಏರಿಸಿದೆವು. ಹಾಗೆ ಕೇಳು ನೀನು. ಗೊತ್ತಿರುವ ಪ್ರಸಂಗದಲ್ಲಿ ಗೊತ್ತಿಲ್ಲದ್ದನ್ನು ಕೊಡಿ ಎಂದು ಕೇಳು. ಅದು ಧೀಂಗಿಣದ ಲೆಕ್ಕಕ್ಕಿಂತ ಕಠಿಣವಾದ ಬೇಡಿಕೆ, ಯಾವ ಒಳ್ಳೆಯ ಕಲಾವಿದನೂ ಅದಕ್ಕೆ ಬೇಸರಿಸುವುದಿಲ್ಲ.

ಸಿದ್ಧತೆಯಿಲ್ಲದೆ ಬಂದರೆ, ನಡೆ ತಪ್ಪಿಸಿದರೆ, ಹಾಸ್ಯದ ಹೆಸರಿನಲ್ಲಿ ಹೆಂಗಸರು ಮಕ್ಕಳು ತಲೆತಗ್ಗಿಸುವ ಮಾತಾಡಿದರೆ ಖಂಡಿತ ಹೇಳು. ಚೌಕಿಗೆ ಹೋಗಿ, ಎದುರು ನಿಂತು, ಮರ್ಯಾದೆಯಿಂದ ಹೇಳು. ವಿಮರ್ಶೆ ಮಾಡಬಾರದೆಂದು ನಾನು ಹೇಳುತ್ತಿಲ್ಲ. ಬಾಯಿ ಮುಚ್ಚಿಕೊಂಡಿರುವ ಪ್ರೇಕ್ಷಕರಿಂದ ಯಾವ ಕಲೆಯೂ ಉಳಿಯಲಿಲ್ಲ. ಆದರೆ ಅವರು ಯಾವ ಮೇಳಕ್ಕೆ ಸೇರಬೇಕು, ಯಾರೊಂದಿಗೆ ಹಾಡಬೇಕು, ಎದುರಾಳಿ ಭಾಗವತರ ಜೊತೆ ಚಹಾ ಕುಡಿಯಬಹುದೋ ಬಾರದೋ, ಇದು ನಿನ್ನ ಬಳಗ ತೀರ್ಮಾನಿಸುವ ವಿಷಯವಲ್ಲ. ಇನ್ನೊಬ್ಬ ಭಾಗವತರ ಕಂಠದ ಬಗ್ಗೆ, ಅವರ ಮನೆಯವರ ಬಗ್ಗೆ ನಿಮ್ಮ ಬಳಗದ ಹುಡುಗರು ಬರೆದದ್ದನ್ನು ನಿನ್ನ ದೊಡ್ಡಮ್ಮ ಓದಲು ಹೊರಟು ಅರ್ಧಕ್ಕೆ ನಿಲ್ಲಿಸಿದಳು. ನಿನ್ನ ಮೆಚ್ಚಿನ ಭಾಗವತರು ಅದೇ ವ್ಯಕ್ತಿಯ ಪಕ್ಕದಲ್ಲಿ ಕೂತು ದ್ವಂದ್ವ ಹಾಡುತ್ತಾರೆ, ಒಂದೇ ವ್ಯಾನಿನಲ್ಲಿ ಪ್ರಯಾಣ ಮಾಡುತ್ತಾರೆ. ಅವರ ನಡುವೆ ನಿಮಗೇನು ಕೆಲಸ?

ಸಿನಿಮಾದ ಜಗತ್ತಿನಲ್ಲಿ ಈ ಜ್ವರ ಎಲ್ಲಿಯವರೆಗೆ ಹೋಯಿತೆಂದು ಕಂಡಿದ್ದೇವೆ. ಡಾ. ರಾಜ್‌ಕುಮಾರ್ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದರು. ಅದು ಆ ಮಹಾನುಭಾವರ ವಿನಯ. ಅದನ್ನು ನಾವು ಹಕ್ಕುಪತ್ರವೆಂದು ತಿಳಿಯಬಾರದು. 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿಯಿತು, ಜೀವಗಳು ಹೋದವು. ಅಷ್ಟು ಸೌಮ್ಯ ಮನುಷ್ಯನಿಗೆ ಅಂಥ ಬೀಳ್ಕೊಡುಗೆ! 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟಲು ಹೋದ ಮೂವರು ಹುಡುಗರು ವಿದ್ಯುತ್ ತಗುಲಿ ಸತ್ತರು. ಯಶ್ ಆ ಮನೆಗಳಿಗೆ ಹೋದರು, ಇಂಥ ಅಭಿಮಾನ ಬೇಡವೆಂದು ಕೈಮುಗಿದು ಕೇಳಿಕೊಂಡರು. ಆ ತಾಯಂದಿರಿಗೆ ಯಾರು ಏನು ಹೇಳಿಯಾರು? ನಿನ್ನಪ್ಪ ಟಿ.ವಿ. ಮುಂದೆ ಕೂತು ಆ ಸುದ್ದಿ ನೋಡಿದವನು ಅಂದು ರಾತ್ರಿ ನಿನಗೆ ಫೋನ್ ಮಾಡಿ ಸುಮ್ಮನೆ ಊಟವಾಯಿತಾ ಎಂದು ಕೇಳಿದ್ದನಂತೆ. ಯಾಕೆ ಎಂದು ನೀನು ಆಗ ಕೇಳಲಿಲ್ಲ.

ಅದೇ ನಾಡಿನಲ್ಲಿ ಬೇರೆಯದೂ ನಡೆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ತಂದೆಯ ಹಾಗೆಯೇ ಅವರ ಕಣ್ಣುಗಳನ್ನೂ ದಾನ ಮಾಡಿದರು. ಅದನ್ನು ಕಂಡು ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ನಟನ ಹೆಸರು ಹೇಳಿಕೊಂಡು ಮತ್ತೊಬ್ಬರಿಗೆ ಬೆಳಕು ಕೊಡಲು ಹೊರಟ ಅಭಿಮಾನವದು. ಅದರ ಮುಂದೆ ನಾನು ತಲೆಬಾಗುತ್ತೇನೆ.

ನಮ್ಮ ಯಕ್ಷಗಾನದಲ್ಲಿಯೂ ಅಂಥದ್ದು ಇದೆ, ನಿನ್ನ ಕಣ್ಣ ಮುಂದೆಯೇ ಇದೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು. ಆಟವನ್ನು ಪ್ರೀತಿಸುವವರು ಕೂಡಿ ಕಟ್ಟಿದ ಸಂಸ್ಥೆ. ಕಲಾವಿದರಿಗಾಗಿ ಯಕ್ಷನಿಧಿ ಮಾಡಿದರು, ಕಾಯಿಲೆ ಬಿದ್ದವರಿಗೆ ನೆರವಾದರು, ಮನೆಯಿಲ್ಲದವರಿಗೆ ಮನೆ ಕಟ್ಟಿಸಿಕೊಟ್ಟರು, ಬಡ ಮಕ್ಕಳ ಓದಿಗೆ ದಾರಿ ಮಾಡಿದರು. ಪಟ್ಲ ಸತೀಶ್ ಶೆಟ್ಟಿಯವರ ಸುತ್ತ ಸೇರಿದ ಅಭಿಮಾನದಿಂದ ಯಕ್ಷಧ್ರುವ ಪಟ್ಲ ಫೌಂಡೇಶನ್ ಬೆಳೆದು ಕಲಾವಿದರ ಮನೆ, ವಿಮೆ, ಆಸ್ಪತ್ರೆಯ ಖರ್ಚಿನವರೆಗೆ ಕೈ ಚಾಚಿದೆ. ಒಬ್ಬ ಭಾಗವತರ ಮೇಲಿನ ಪ್ರೀತಿ ಅವರನ್ನು ದಾಟಿ, ಅವರ ಪಕ್ಕದಲ್ಲಿ ಮದ್ದಳೆ ಬಾರಿಸುವವರಿಗೂ ಕೋಡಂಗಿ ಕುಣಿಯುವ ಹುಡುಗನಿಗೂ ತಲುಪಿತು.

ಕಲಾವಿದರಿಗೆ ವಯಸ್ಸಾಗುತ್ತದೆ ಎಂಬುದನ್ನೂ ಅಭಿಮಾನಿ ಒಪ್ಪಿಕೊಳ್ಳಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಪ್ರಾಯದ ಭಸ್ಮಾಸುರನ ಕುಣಿತ ಆ ದೇಹದಲ್ಲಿ ಎಲ್ಲಿಂದ ಬರಬೇಕು? ಆದರೂ ಕೆಲವರು ಅದನ್ನೇ ಹುಡುಕಿ, ‘ಮೊದಲಿನ ಹಾಗಿಲ್ಲ’ ಎಂದು ಎದ್ದು ಹೋದರು. ಉಳಿದು ನೋಡಿದ ನಮಗೆ ಒಂದು ಹುಬ್ಬು ಏರಿದ್ದರಲ್ಲಿ, ಒಂದು ಅರೆ ನಗುವಿನಲ್ಲಿ ಕೀಚಕನ ಕಾಮವೆಲ್ಲ ಕಂಡಿತು. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯ ಆಟದಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾದರು, ಮತ್ತೆ ಏಳಲಿಲ್ಲ. ಇಂಥವರು ನಮಗೆ ಬಾಕಿ ಉಳಿಸಿಕೊಂಡದ್ದು ಏನಿದೆ ಹೇಳು.

ಈಗ ಒಂದು ಕೆಲಸದ ಮಾತು. ನಿಮ್ಮ ಬಳಗ ವಾರ್ಷಿಕೋತ್ಸವಕ್ಕೆ ಆಟ ಆಡಿಸುತ್ತದೆ ಎಂದೆಯಲ್ಲ, ಪ್ರಸಂಗವನ್ನೂ ಪದ್ಯಗಳನ್ನೂ ನೀವೇ ಗುರುತು ಮಾಡಿ ಕೊಡುತ್ತೀರಂತೆ. ಈ ಸಲ ಹಾಗೆ ಮಾಡಬೇಡಿ. ಭಾಗವತರ ಮನೆಗೆ ಹೋಗಿ, ‘ನಿಮಗೆ ಹಾಡಬೇಕೆಂದು ಆಸೆಯಿದ್ದು ಅವಕಾಶ ಸಿಗದ ಪ್ರಸಂಗ ಯಾವುದು?’ ಎಂದು ಕೇಳಿ. ಪಾತ್ರ ಹಂಚುವುದನ್ನೂ ಅವರಿಗೇ ಬಿಡಿ. ಜನ ಕಡಿಮೆ ಬಂದರೆ ಬರಲಿ. ಕುಂಭಕರ್ಣ ಮಾಡಿದ ಹಿರಿಯರನ್ನು ತಪ್ಪದೆ ಕರೆಯಿರಿ, ಸಂಭಾವನೆಯನ್ನು ಆಟದ ಮೊದಲೇ ಕವರಿನಲ್ಲಿ ಹಾಕಿ ಕೊಡಿ. ಮಂಗಳ ಹಾಡುವವರೆಗೆ ಬಳಗದ ಒಬ್ಬನೂ ಏಳುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ. ಅಭಿಮನ್ಯು ಮಾಡಿದ ಹುಡುಗನನ್ನು ಪತ್ತನಾಜೆ ಕಳೆದ ಮೇಲೆ ಮಂಗಳೂರಿನಲ್ಲಿ ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸುವ ವ್ಯವಸ್ಥೆ ನೀನು ಮಾಡು. ಅವನ ಫೋನ್ ನಂಬರು ನನ್ನ ಹತ್ತಿರ ಇದೆ, ಕಳಿಸುತ್ತೇನೆ. ಎಕ್ಸ್‌ರೇ, ಔಷಧಿಯ ಖರ್ಚು ನನ್ನದು. ಆಟದ ವೀಳ್ಯದಲ್ಲಿ ಎಷ್ಟು ಕಡಿಮೆ ಬೀಳುತ್ತದೆ ಎಂದು ಲೆಕ್ಕ ಹಾಕಿ ನಿನ್ನಪ್ಪನಿಗೆ ತಿಳಿಸು, ಅಡಿಕೆ ಮಾರಿದ ಹಣ ಬಂದ ಕೂಡಲೇ ನಾನು ಕಳಿಸಿಕೊಡುತ್ತೇನೆ. ದಿನ ನಿಶ್ಚಯವಾದರೆ ಬೇಗ ಹೇಳು, ದೊಡ್ಡಮ್ಮನೂ ಬರುತ್ತಾಳಂತೆ.

ಇಂತಿ ನಿನ್ನ
ದೊಡ್ಡಪ್ಪ